ಪ್ಯಾರಿಸ್ ಬಳಿಯ ರಷ್ಯನ್ ಸ್ಮಶಾನ: ನೋಡುವುದು ಹೇಗೆ?

ಕ್ರಾಂತಿಯ ನಂತರ ರಷ್ಯಾ ಬಿಟ್ಟು ಫ್ರಾನ್ಸ್ ಸೇರಿದವರನ್ನು 1927ರಿಂದ ಸೇಂತ್ ಜೆನ್‌ವಿಯೆವ್ ದೆ ಬ್ವಾ ಎಂಬ ಊರಿನಲ್ಲಿ ಮಣ್ಣು ಮಾಡುತ್ತ ಬಂದಿದ್ದಾರೆ. ಇಲ್ಲಿಗೆ ಅರ್ಧ ದಿನ ಎತ್ತಿಡಿ.

ಪ್ಯಾರಿಸ್‌ನಿಂದ ಆರ್‌ಇಆರ್ ಸಿ ಎಂಬ ಉಪನಗರ ರೈಲು ಹಿಡಿಯಬೇಕು. ಈ ಮಾರ್ಗ ಹಲವು ಕವಲಾಗಿ ಒಡೆಯುತ್ತದೆ. ಅವಸರದಲ್ಲಿ ವರ್ಸೇಲ್ಸ್ ಕಡೆಯದನ್ನು ಹತ್ತಿದರೆ ಕೆಲಸ ಕೆಟ್ಟಿತು. ಪ್ಲಾಟ್‌ಫಾರಂ ಬೋರ್ಡಿನಲ್ಲಿ ಊರಿನ ಹೆಸರು ಕಂಡ ಮೇಲೆಯೇ ಹತ್ತಿ. ನಿಲ್ದಾಣದಿಂದ ಮುಂದಕ್ಕೆ ಬಸ್ಸು. ಭಾನುವಾರವಾದರೆ ಮರಳುವ ಬಸ್ಸಿನ ಸಮಯ ಮೊದಲೇ ನೋಡಿಕೊಳ್ಳಿ.

ಹೂವು ಒಯ್ಯುವುದಾದರೆ ಎರಡು, ನಾಲ್ಕು, ಆರು ಹೀಗೆ ಸಮಸಂಖ್ಯೆಯಲ್ಲಿರಲಿ. ರಷ್ಯನ್ನರಲ್ಲಿ ಬೆಸಸಂಖ್ಯೆ ಬದುಕಿರುವವರಿಗೆ. ಚಪ್ಪಲಿ ಬಿಚ್ಚಬೇಕಿಲ್ಲ, ಸ್ಮಶಾನದ ಚರ್ಚಿನೊಳಗೆ ಗಂಡಸರು ಟೋಪಿ ತೆಗೆಯಬೇಕು, ಹೆಂಗಸರು ತಲೆಗೆ ವಸ್ತ್ರ ಹಾಕಿಕೊಳ್ಳುವುದು ರೂಢಿ. ಆಲ್ಬರ್ಟ್ ಬೆನ್ವಾ ವಿನ್ಯಾಸದ ಈ ಚರ್ಚು ಕಟ್ಟಿದ್ದು 1938–39ರಲ್ಲಿ.

ಕಷ್ಟವಿರುವುದು ಕಲ್ಲು ಓದುವುದರಲ್ಲಿ. ನೋಡಬೇಕಾದ ಹೆಸರುಗಳನ್ನು ರಷ್ಯನ್ ಲಿಪಿಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಇಂಗ್ಲಿಷ್‌ನ ‘ಎಚ್’ ತರಹದ್ದು ಅಲ್ಲಿ ‘ನ’, ‘ಪಿ’ ತರಹದ್ದು ‘ರ’, ‘ಸಿ’ ತರಹದ್ದು ‘ಸ’, ‘ಬಿ’ ತರಹದ್ದು ‘ವ’. ಈ ನಾಲ್ಕು ಗೊತ್ತಿದ್ದರೆ ಮುಕ್ಕಾಲು ಗೊಂದಲ ತಪ್ಪುತ್ತದೆ. ದಿನಾಂಕ ಪುಸ್ತಕಕ್ಕೆ ತಾಳೆಯಾಗದಿದ್ದರೆ ಕಲ್ಲನ್ನು ಬೈಯಬೇಡಿ, ಅದು ರಷ್ಯಾದ ಹಳೆಯ (ಜೂಲಿಯನ್) ಪಂಚಾಂಗದ್ದಿರಬಹುದು: 19ನೇ ಶತಮಾನದ ತಾರೀಖಿಗೆ 12 ದಿನ, 20ನೆಯದಕ್ಕೆ 13 ದಿನ ಕೂಡಿಸಿ. ಕಾದಂಬರಿಕಾರ ಇವಾನ್ ಬುನಿನ್ ಹುಟ್ಟಿದ್ದು 1870ರ ಅಕ್ಟೋಬರ್ 10, ಈಗಿನ ಲೆಕ್ಕಕ್ಕೆ 22. ಶಿಲುಬೆಗೆ ಮೂರು ಅಡ್ಡಪಟ್ಟಿ ಇರುತ್ತದೆ, ಕೆಳಗಿನದು ಓರೆ. ಅದು ವಾಲಿಹೋದದ್ದಲ್ಲ, ಇರುವುದೇ ಹಾಗೆ.

ಬುನಿನ್, ನಿರ್ದೇಶಕ ತರ್ಕೋವ್‌ಸ್ಕಿ, ನರ್ತಕ ನುರೆಯೆವ್ ಮೂವರೂ ಇಲ್ಲಿದ್ದಾರೆ. ನುರೆಯೆವ್ ಸಮಾಧಿಯ ಮೇಲೆ ಹೊದೆಸಿದಂತಿರುವ ಕೆಂಪು ಜಮಖಾನ ಬಟ್ಟೆಯಲ್ಲ, ಚೂರುಚೂರು ಜೋಡಿಸಿದ ಮೊಸಾಯಿಕ್. ಹತ್ತಿರ ಬಾಗಿದರೆ ಮಡಿಕೆ, ಕುಚ್ಚುಗಳೂ ಕಾಣುತ್ತವೆ. ಕೈಯಿಟ್ಟು ನೋಡುವ ಆಸೆ ಬೇಡ. ಬಹುಪಾಲು ಜನ ಫೋಟೊ ತೆಗೆದು ಇಲ್ಲಿಂದಲೇ ಹಿಂದಿರುಗುತ್ತಾರೆ; ನಮಗೆ ಕೇಳಿದರೆ ದಳದಳವಾಗಿ ಮಲಗಿರುವ ಶ್ವೇತ ಸೇನೆಯ (ಕ್ರಾಂತಿಕಾರಿ ಬೊಲ್ಶೆವಿಕರ ವಿರುದ್ಧ ಹೋರಾಡಿದ ಪಡೆ) ಸೈನಿಕರ ಸಾಲುಗಳಿಗೇ ಹೆಚ್ಚು ಹೊತ್ತು ಕೊಡಬೇಕು.

ಫ್ರಾನ್ಸ್‌ನಲ್ಲಿ ಸಮಾಧಿಯ ಜಾಗ ಸಾಮಾನ್ಯವಾಗಿ ಅವಧಿಯ ಗುತ್ತಿಗೆಗೆ ಸಿಗುತ್ತದೆ. ನವೀಕರಿಸದಿದ್ದರೆ ನಗರಸಭೆ ಹಿಂಪಡೆಯಬಹುದು. ಹಾಗಾಗಿ ಹಳೆಯ ಪಟ್ಟಿ ಹಿಡಿದು ಹೋದಾಗ ಅದರಲ್ಲಿರುವ ಹೆಸರು ಕಲ್ಲಿನ ಮೇಲೆ ಇಲ್ಲದಿರಬಹುದು.