ಗುಡಿಯ ಮೂರನೇ ಪಾವಟಿಗೆ

2019ರ ಆಗಸ್ಟ್‌ನಲ್ಲಿ ನಾನು ಚಿಕ್ಕೋಡಿ ಕಡೆಯ, ಕೃಷ್ಣಾ ಹೊಳೆದಂಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಆಗಿದ್ದೆ. ಕಚೇರಿಯ ಕಪಾಟಿನಲ್ಲಿ ‘ವಿಪತ್ತು ನಿರ್ವಹಣಾ ಯೋಜನೆ’ ಎಂಬ ಫೈಲಿತ್ತು. ಮಳೆಗಾಲಕ್ಕೆ ಮುಂಚೆ ತಾಲೂಕಿನಿಂದ ಕೇಳುತ್ತಿದ್ದರು, ನಾವು ಹಳೆಯದರ ಇಸವಿ ತಿದ್ದಿ ಕಳಿಸುತ್ತಿದ್ದೆವು. ನೀರು ಬಂದ ರಾತ್ರಿ ಅದರಲ್ಲಿದ್ದ ಈಜುಗಾರರ ಪಟ್ಟಿ ಹಿಡಿದು ಫೋನ್ ಹಚ್ಚಿದರೆ, ಒಬ್ಬರು ತೀರಿಕೊಂಡು ಎರಡು ವರ್ಷವಾಗಿತ್ತು, ಇನ್ನೊಬ್ಬರು ಇಚಲಕರಂಜಿಯ ಮಗ್ಗಕ್ಕೆ ದುಡಿಯಲು ಹೋಗಿದ್ದರು. ಯಾರನ್ನು ಬಯ್ಯಲಿ? ಇಸವಿ ತಿದ್ದಿದ ಕೈ ನನ್ನದೇ.

ಮಾಹಿತಿ ಬರಲಿಲ್ಲ ಅನ್ನುವಂತಿಲ್ಲ. ದಿನಾ ಮುಂಜಾನೆ ವಾಟ್ಸಾಪ್‌ಗೆ ಬರುತ್ತಿತ್ತು: ಮಹಾರಾಷ್ಟ್ರದ ಕೊಯ್ನಾ ಜಲಾಶಯದಲ್ಲಿ ಇಷ್ಟು ಟಿಎಂಸಿ, ಅಲ್ಲಿನ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯೂಸೆಕ್, ದೂಧಗಂಗಾ ನದಿಯದ್ದು ಇಷ್ಟು, ಎರಡೂ ಕೂಡಿ ಕಲ್ಲೋಳದ ಹತ್ತಿರ ಕೃಷ್ಣೆಯಲ್ಲಿ ಇಷ್ಟು. ನಾನು ಅದನ್ನೇ ಡಂಗುರ ಸಾರಿಸಿದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಲಕ್ಷಗಟ್ಟಲೆ ಕ್ಯೂಸೆಕ್ ಎಂದರೆ ಯಾರ ಕಣ್ಣಿಗೆ ಏನು ಕಟ್ಟೀತು? ಹೊಳೆ ಓಣಿಯ ಅಜ್ಜ ಕಟ್ಟೆಯ ಮೇಲೆ ಕುಂತೇ ಕೇಳಿದ:

“ಅದೆಲ್ಲಾ ಇರ್ಲಿ ಸಾಹೇಬ್ರ. ನೀರು ಗುಡೀದು ಎಷ್ಟನೇ ಪಾವಟಿಗಿಗೆ ಬರ್ತೈತಿ, ಅದನ್ನ ಹೇಳ್ರಿ.”

ಗುಡಿಯ ಪಾವಟಿಗೆ, ಅಂದರೆ ಮೆಟ್ಟಿಲಿನ ಲೆಕ್ಕ ನನಗೆ ಗೊತ್ತಿರಲಿಲ್ಲ. “2005ರಾಗ ಎರಡನೇದು ದಾಟಿಲ್ಲ, ಈಗೇನು ದಾಟ್ತೈತಿ” ಎಂದು ಅಜ್ಜ ಅಲುಗಾಡಲಿಲ್ಲ. 2019ರಲ್ಲಿ ನೀರು ಅದನ್ನು ದಾಟಿತು.

ಇನ್ನೊಂದು ತಪ್ಪು ಅದಕ್ಕಿಂತ ದೊಡ್ಡದು. ಜನರನ್ನು ಒಯ್ಯಲು ಬಸ್ಸು ತರಿಸಿದ್ದೆ. ದನಗಳಿಗೆ ಏನೂ ಇಲ್ಲ. “ಎಮ್ಮಿ ಬಿಟ್ಟು ನಾ ಹೆಂಗ ಬರ್ಲಿರಿ?” ಎಂದು ಮನೆಮನೆಗೂ ಅದೇ ಮಾತು. ಹೆಂಗಸರು, ಮಕ್ಕಳು ಬಸ್ಸು ಹತ್ತಿದರು, ಗಂಡಸರು ದನದ ಹಗ್ಗ ಹಿಡಿದು ಉಳಿದರು. ಮರುದಿನ ಅವರನ್ನೇ ಮಾಳಿಗೆಯ ಮೇಲಿನಿಂದ ಬೋಟಿನಲ್ಲಿ ಇಳಿಸಿ ತರಬೇಕಾಯಿತು. ಹಗ್ಗ ಬಿಚ್ಚಿದ ಎಮ್ಮೆಗಳು ಕೆಲವು ಈಜಿ ದಂಡೆ ಹತ್ತಿದವು, ಕೆಲವು ಹತ್ತಲಿಲ್ಲ.

ನೀರಿಳಿದ ಮೇಲೆ, ಗೋಡೆಯ ಮೇಲಿನ ರಾಡಿಯ ಗೆರೆ ಮಾಸುವ ಮೊದಲೇ, ತಲಾಟಿ (ಗ್ರಾಮ ಲೆಕ್ಕಿಗ), ಆಶಾ ಕಾರ್ಯಕರ್ತೆ ಮತ್ತು ನಮ್ಮ ವಾಟರ್‌ಮನ್ ಜತೆ ಓಣಿ ಓಣಿ ತಿರುಗಿದೆ. ಇನ್ನೂರು ಪುಟದ ಒಂದು ನೋಟ್‌ಬುಕ್. ಗುಡಿಯ ಎಷ್ಟನೇ ಪಾವಟಿಗೆ ಮುಳುಗಿದಾಗ ಯಾವ ಓಣಿಗೆ ನೀರು ನುಗ್ಗುತ್ತದೆ ಎಂಬುದು ಎಡಗಡೆ. ವಾಟರ್‌ಮನ್‌ಗೆ ಅದೆಲ್ಲ ಬಾಯಿಪಾಠವಾಗಿತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ಆಯಾ ದಿನ ಕಲ್ಲೋಳದಲ್ಲಿ ಎಷ್ಟು ಕ್ಯೂಸೆಕ್ ಇತ್ತು ಎಂಬುದನ್ನು ನನ್ನ ಫೋನಿನ ಹಳೆಯ ಮೆಸೇಜುಗಳಿಂದ ಹುಡುಕಿ ಬಲಗಡೆ ಬರೆದೆ. ಲೆಕ್ಕ ಪಕ್ಕಾ ಕೂಡುವುದಿಲ್ಲ. ಹೊಳೆ ಏರುವಾಗ ಒಂದು ನಮೂನೆ, ಇಳಿಯುವಾಗ ಇನ್ನೊಂದು. ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಅದರ ಕೆಳಗೆ ಪ್ರತಿ ಓಣಿಯ ಬಸುರಿಯರು, ಹಾಸಿಗೆ ಹಿಡಿದವರು, ಟ್ರ್ಯಾಕ್ಟರ್ ಯಾರದು, ಡ್ರೈವರ್ ಯಾರು, ದನ ಎಷ್ಟು. ಬಸುರಿಯರ ಪುಟ ಹಳತಾಗುತ್ತದೆ. ಅದನ್ನು ಜೂನ್‌ನಲ್ಲಿ ಆಶಾ ಕಾರ್ಯಕರ್ತೆ ಹೊಸದಾಗಿ ಬರೆದುಕೊಡಬೇಕು ಎಂದು ಗೊತ್ತುಮಾಡಿಕೊಂಡೆವು. ಕಾಳಜಿ ಕೇಂದ್ರಕ್ಕೆ ಮಡ್ಡಿಯ, ಅಂದರೆ ಎತ್ತರದ ದಿಬ್ಬದ, ಮೇಲಿನ ಶಾಲೆ. ಅದರ ಬಗಲಿಗೇ ದನ ಕಟ್ಟುವ ಜಾಗ, ಕಣಕಿ (ಒಣ ಮೇವು) ಒಟ್ಟಲು ಒಂದು ಮೂಲೆ. ಮಾಸ್ತರರು ಸಗಣಿಯ ಮಾತೆತ್ತಿ ಮುಖ ಗಂಟು ಹಾಕಿದರು, ಆಮೇಲೆ ಒಪ್ಪಿದರು. ಹೊಳೆಯಿಂದ ಪಂಪ್‌ಸೆಟ್ ಮೇಲೆತ್ತಲು ಎಷ್ಟನೇ ಪಾವಟಿಗೆಗೆ ಹೇಳಬೇಕು ಎಂದೂ ಬರೆದೆವು. ಈ ಮೋಟರಿನ ಆಸೆಗೆ ಹೊಳೆಗಿಳಿದು ಜೀವಕ್ಕೆ ಕುತ್ತು ತಂದುಕೊಂಡವರು ನಮ್ಮ ಭಾಗದಲ್ಲಿ ಕಡಿಮೆ ಇಲ್ಲ.

2021ರ ಜುಲೈನಲ್ಲಿ ಮತ್ತೆ ಹೊಳೆ ತುಂಬಿತು. ಈ ಸಲದ ಡಂಗುರ ಬೇರೆ: “ನಾಳೆ ಸಂಜೀಕ ನೀರು ಮೂರನೇ ಪಾವಟಿಗಿಗೆ ಬರ್ತೈತಿ. ಹೊಳಿ ಓಣಿ, ಕುಂಬಾರ ಓಣಿಯವರು ದನಾ ಮೊದಲ ಮಡ್ಡಿಗೆ ಹೊಡೀರಿ!” ದನಗಳು ಮಧ್ಯಾಹ್ನಕ್ಕೇ ಹೊರಟವು. ದನದ ಹಿಂದೆ ಮಂದಿ ತಾವಾಗಿಯೇ ಬಂದರು, ಯಾರ ಕೈಯನ್ನೂ ಹಿಡಿದು ಜಗ್ಗಲಿಲ್ಲ. ಆ ಅಜ್ಜ ಟ್ರ್ಯಾಕ್ಟರ್ ಹತ್ತಲು ಒಪ್ಪದೆ ಎಮ್ಮೆಯ ಜತೆ ನಡೆದೇ ಬಂದ. ಕೊರೊನಾ ಕಾಲ, ಶಾಲೆಯ ಕೋಣೆಗಳಲ್ಲಿ ಅಂತರ ಇಟ್ಟು ಮಲಗಿಸುವುದು ಹೆಸರಿಗಷ್ಟೇ ಆಯಿತು.

ನೀರಿಳಿದ ಮೇಲಿನ ಕೆಲಸವೇ ಜೀವ ತಿನ್ನುವುದು. ಸಾದಾ ದಿನಗಳಲ್ಲಿ ಸಾವಿರ ಲೀಟರ್ ನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ರಾಡಿ ಕೂತ ಬಾವಿಗೆ ಆ ಲೆಕ್ಕ ನಡೆಯುವುದಿಲ್ಲ, ಕ್ಲೋರಿನ್ ಎಲ್ಲಾ ರಾಡಿಯೇ ನುಂಗುತ್ತದೆ. ಮೊದಲು ನೀರೆತ್ತಿ ಹೊರಹಾಕಿ, ಆಮೇಲೆ ಪೌಡರ್ ಕಲಸಿ ಬಿಟ್ಟು, ಒಂದು ತಾಸಿನ ಮೇಲೂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷೆ ಮಾಡಬೇಕು.

ಮನೆ ಸರ್ವೆಯದು ಇನ್ನೊಂದು ಕಥೆ. 2019ರಲ್ಲಿ ಪೂರ್ತಿ ಬಿದ್ದ ಮನೆ ‘ಎ’ ವರ್ಗ, 5 ಲಕ್ಷ. ಅದಕ್ಕಿಂತ ಕಡಿಮೆ ಹಾನಿಯಾದರೆ ‘ಬಿ’, ‘ಸಿ’. ಉತಾರ, ಅಂದರೆ ಮನೆಯ ದಾಖಲೆ, ತೀರಿಹೋದ ಅಜ್ಜನ ಹೆಸರಲ್ಲಿ, ಒಳಗೆ ಮೂವರು ಅಣ್ಣತಮ್ಮಂದಿರ ಮೂರು ಒಲೆ. ಪರಿಹಾರ ಯಾರ ಖಾತೆಗೆ? ಎರಡನೇ ಸಲಕ್ಕೆ ಪ್ರತಿ ಮನೆಯ ಮುಂದೆ ಅಲ್ಲಿರುವವರನ್ನು ನಿಲ್ಲಿಸಿ ಮೊದಲೇ ಫೋಟೋ ತೆಗೆದಿಟ್ಟಿದ್ದೆ. ಗೋಡೆ ಎಂಥದಿತ್ತು ಎಂಬ ಜಗಳ ಅದರಿಂದ ತಪ್ಪಿತು, ಅಣ್ಣತಮ್ಮಂದಿರ ಜಗಳ ತಪ್ಪಲಿಲ್ಲ.

ಆಮೇಲೆ ನನಗೆ ವರ್ಗವಾಯಿತು, ನೋಟ್‌ಬುಕ್ ಅಲ್ಲೇ ಬಿಟ್ಟೆ. ಮೊನ್ನೆ ಒಂದು ಮದುವೆಗೆಂದು ಆ ಊರಿಗೆ ಹೋದರೆ ಗುಡಿ ಜೀರ್ಣೋದ್ಧಾರ ಆಗಿದೆ. ಹಳೆಯ ಕಲ್ಲು ಕಿತ್ತು ಗ್ರಾನೈಟ್ ಹಾಕಿದ್ದಾರೆ, ಐದಿದ್ದ ಪಾವಟಿಗೆಗಳು ಏಳಾಗಿವೆ. ನನ್ನೆದೆ ಧಸಕ್ಕೆಂದಿತು. ವಾಟರ್‌ಮನ್ ನಕ್ಕು, ಕೈ ಹಿಡಿದು ನೀರಿನ ಟ್ಯಾಂಕಿನ ಹತ್ತಿರ ಕರೆದೊಯ್ದ. ಕಂಬದ ಮೇಲೆ ಕೆಂಪು ಬಣ್ಣದ ಗೆರೆಗಳು. ಒಂದರ ಪಕ್ಕದಲ್ಲಿ ಸೊಟ್ಟ ಅಕ್ಷರದಲ್ಲಿ ಬರೆದಿತ್ತು: ‘ಹಳೇ ಮೂರು’.