ಜಾವಾದ ಬೆಟ್ಟದೂರಿನಲ್ಲಿ ಆಲೂಗಡ್ಡೆ: ನನ್ನ ಅನುಭವ

ಹಾಸನದ ಕಡೆ ಆಲೂಗಡ್ಡೆ ಬೆಳೆದವರಿಗೆ ಮೇ ತಿಂಗಳ ಆತಂಕ ಗೊತ್ತು. ಮುಂಗಾರಿಗೆ ಮೊದಲಿನ ಒಂದೆರಡು ಮಳೆ ಬಿದ್ದ ಕೂಡಲೇ ಮಾರುಕಟ್ಟೆಯಿಂದ ಪಂಜಾಬಿನ ಜಲಂಧರದ ಬಿತ್ತನೆ ಗಡ್ಡೆಯ ಚೀಲ ತರಬೇಕು, ಮೊಳಕೆ ಒಡೆಯುವ ಕಣ್ಣು ನೋಡಿ ಎರಡು ಮೂರು ಹೋಳು ಮಾಡಬೇಕು, ಔಷಧಿಯಲ್ಲಿ ಅದ್ದಿ ನೆಡಬೇಕು. ಬಿಸಿಲು ಹೆಚ್ಚಾದರೂ ಕೊಳೆಯುತ್ತದೆ, ಮಳೆ ಹೆಚ್ಚಾದರೂ ಕೊಳೆಯುತ್ತದೆ. ಬದುಕಿದ ಗಿಡವನ್ನು ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಅಂಗಮಾರಿ ಎಂಬ ಎಲೆ ಕೊಳೆಸುವ ರೋಗ ಕಾಯುತ್ತಿರುತ್ತದೆ. ಇದರ ಸಹವಾಸವೇ ಬೇಡವೆಂದು ನಮ್ಮಲ್ಲಿ ಅನೇಕರು ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದ್ದಾರೆ. ನಾನೂ ಒಂದು ವರ್ಷ ಜೋಳ ಬಿತ್ತಿ, ಹೊಲವನ್ನು ತಮ್ಮನ ಕೈಗೆ ಬಿಟ್ಟು, ಇಂಡೋನೇಷ್ಯಾದ ಜಾವಾ ದ್ವೀಪದ ಸೆಮರಾಂಗ್‌ನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗನ ಮನೆಗೆ ಹೊರಟೆ. ಹೋದ ಮೊದಲ ವಾರವೇ ಅವನು, "ಮಾವ, ಇಲ್ಲಿ ಬೆಟ್ಟದ ಮೇಲೆ ವರ್ಷಪೂರ್ತಿ ಆಲೂಗಡ್ಡೆ ಹಾಕುತ್ತಾರೆ, ಹೇಗೆ ಅಂತ ನೋಡಿಕೊಂಡಾದರೂ ಬನ್ನಿ" ಎಂದ. ಊರು ಬಿಟ್ಟು ಬಂದದ್ದೇ ಆಲೂಗಡ್ಡೆಯ ಮುಖ ನೋಡಬಾರದೆಂದು. ಆದರೂ ಹೊರಟೆ.

ಹೋಗುವವರಿಗೆ ಉಪಯೋಗವಾಗಲೆಂದು ವಿವರ ಹೇಳುತ್ತೇನೆ. ಇಂಡೋನೇಷ್ಯಾದಲ್ಲಿ ಇಳಿದ ಮೇಲೆಯೇ ವೀಸಾ ಸಿಗುತ್ತದೆ. ಐದು ಲಕ್ಷ ರುಪಿಯಾ ಶುಲ್ಕ, 30 ದಿನದ ಅವಧಿ, ಬೇಕಾದರೆ ಇನ್ನೊಮ್ಮೆ 30 ದಿನ ವಿಸ್ತರಿಸಿಕೊಳ್ಳಬಹುದು. ಆ ವೀಸಾದಲ್ಲಿ ಕೂಲಿ ಮಾಡುವಂತಿಲ್ಲ. ನಾನು ಬೆಟ್ಟದ ಮೇಲೆ ಒಬ್ಬ ರೈತರ ಮನೆಯಲ್ಲಿ ಅತಿಥಿಯಾಗಿ ಉಳಿದು, ಬಾಡಿಗೆ ಕೊಟ್ಟು, ಅವರ ಹೊಲದಲ್ಲಿ ಬೆನ್ನು ಬಗ್ಗಿಸಿದೆ. ದುಡ್ಡು ಕೊಟ್ಟು ದುಡಿದವನು ನಾನೊಬ್ಬನೇ ಇರಬೇಕು. ಸೆಮರಾಂಗ್‌ನಿಂದ ಅಂಬರಾವ, ತೆಮಂಗುಂಗ್ ದಾಟಿ ವೊನೊಸೊಬೊ ಪಟ್ಟಣಕ್ಕೆ ಬಸ್ಸಿದೆ. ಕೊನೆಯ ಭಾಗದಲ್ಲಿ ರಸ್ತೆ ಸುಂಬಿಂಗ್ ಮತ್ತು ಸಿಂಡೋರೊ ಎಂಬ ಎರಡು ಜ್ವಾಲಾಮುಖಿ ಪರ್ವತಗಳ ನಡುವೆ ತೂರಿಕೊಂಡು ಹೋಗುತ್ತದೆ. ಎರಡರ ಎತ್ತರವೂ ಮೂರು ಸಾವಿರ ಮೀಟರ್ ದಾಟಿದೆ. ತೆಮಂಗುಂಗ್ ತಂಬಾಕಿನ ಸೀಮೆ. ನಾನು ಸೆಪ್ಟೆಂಬರಿನಲ್ಲಿ ಹಿಂದಿರುಗುವಾಗ ರಸ್ತೆಯ ಇಕ್ಕೆಲದಲ್ಲೂ ಬಿದಿರಿನ ತಟ್ಟಿಗಳ ಮೇಲೆ ಸಣ್ಣಗೆ ಹೆಚ್ಚಿದ ಎಲೆಯನ್ನು ಬಿಸಿಲಿಗೆ ಹರಡಿದ್ದರು. ನಮ್ಮ ಹುಣಸೂರು, ಪಿರಿಯಾಪಟ್ಟಣದವರು ತಂಬಾಕು ಹದ ಮಾಡುವ ಬ್ಯಾರನ್ನಿಗೆ ಸುರಿಯುವ ಸೌದೆಯ ಲೆಕ್ಕ ನೆನಪಾಗಿ, ಆ ತಟ್ಟಿಗಳನ್ನು ನೋಡುತ್ತಾ ಹೊಟ್ಟೆಕಿಚ್ಚೇ ಆಯಿತು.

ವೊನೊಸೊಬೊದಿಂದ ಸಣ್ಣ ಬಸ್ಸು ದಿಯೆಂಗ್ ಪ್ರಸ್ಥಭೂಮಿಗೆ ಹತ್ತುತ್ತದೆ. ಅಲ್ಲಿಂದ ಬಾಡಿಗೆ ಬೈಕಿನ ಹಿಂದೆ ಕುಳಿತರೆ ಸೆಂಬುಂಗನ್, ನಾನು ಉಳಿದ ಊರು. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರ, ಎಂದರೆ ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಮೇಲೆ ಒಂದು ಇಡೀ ಊರು. ಜಾವಾದಲ್ಲೇ ಅತಿ ಎತ್ತರದ ಹಳ್ಳಿ ಎಂದು ಅವರು ಹೇಳಿಕೊಳ್ಳುತ್ತಾರೆ. ಒಂದಕ್ಕೊಂದು ಆತುಕೊಂಡ ತಗಡಿನ ಮಾಡಿನ ಮನೆಗಳು, ಊರ ಪಕ್ಕಕ್ಕೆ ತೆಲಗ ಚೆಬೊಂಗ್ ಎಂಬ ಕೆರೆ, ಅದರ ಸುತ್ತ ಬೆಟ್ಟದ ನೆತ್ತಿಯವರೆಗೂ ಆಲೂಗಡ್ಡೆ. ಸಿಕುನಿರ್ ಗುಡ್ಡದಲ್ಲಿ ಸೂರ್ಯೋದಯ ನೋಡುವವರು ನಸುಕಿನಲ್ಲೇ ಈ ಊರನ್ನು ಹಾದುಹೋಗುತ್ತಾರೆ, ಫೋಟೊ ತೆಗೆದುಕೊಂಡು ಬಿಸಿಲು ಏರುವ ಮೊದಲೇ ಇಳಿದುಬಿಡುತ್ತಾರೆ. ಊರು ಎದ್ದು ಕೆಲಸಕ್ಕೆ ಹೊರಡುವುದನ್ನು ನೋಡುವವರು ಕಡಿಮೆ.

ಸಮಭಾಜಕ ರೇಖೆಯಿಂದ ಬರೀ ಏಳು ಡಿಗ್ರಿ ದಕ್ಷಿಣದಲ್ಲಿರುವ ಈ ಜಾಗದಲ್ಲಿ ಇಬ್ಬನಿ ಹೆಪ್ಪುಗಟ್ಟುತ್ತದೆ ಎಂದರೆ ನಾನು ನಂಬಿರಲಿಲ್ಲ. ಜುಲೈ, ಆಗಸ್ಟ್ ಅವರಿಗೆ ಒಣಗಾಲ. ರಾತ್ರಿ ಮೋಡವಿಲ್ಲದೆ ಆಕಾಶ ತೆರೆದಿದ್ದು ಗಾಳಿ ನಿಂತರೆ ಮನೆಯ ಯಜಮಾನರ ಮುಖ ಸಣ್ಣದಾಗುತ್ತಿತ್ತು. ಅಂಥದ್ದೊಂದು ಬೆಳಗ್ಗೆ ಅವರ ಜೊತೆ ತಗ್ಗಿನ ಹೊಲಕ್ಕೆ ಹೋದಾಗ ಎಲೆಗಳ ಅಂಚಿನಲ್ಲಿ ಬಿಳಿ ಹರಳು ಕೂತಿತ್ತು; ಬೆರಳಲ್ಲಿ ಒತ್ತಿದರೆ ಎಲೆ ಮಡಚಿಕೊಳ್ಳದೆ ಮುರಿಯುತ್ತಿತ್ತು. ಇದಕ್ಕೆ ಅವರು 'ಬುನ್ ಉಪಸ್' ಎನ್ನುತ್ತಾರೆ. ಬಿಸಿಲು ತಾಗುವ ಮೊದಲು ನೀರು ಹೊಡೆದು ಹರಳನ್ನು ತೊಳೆದರೆ ಗಿಡ ಉಳಿದೀತೆಂಬ ಆಸೆಯಿಂದ ಎಲ್ಲರೂ ಪೈಪು ಹಿಡಿದು ನಿಂತಿದ್ದರು. ನಾನೂ ಒಂದು ಪೈಪು ಹಿಡಿದೆ; ಕೈ ಮರಗಟ್ಟಿ ಮನೆಗೆ ಬಂದು ಲೋಟ ಹಿಡಿಯಲು ಆಗಲಿಲ್ಲ. ನೀರು ತಲುಪಿದ ಸಾಲುಗಳು ಬಹುಮಟ್ಟಿಗೆ ಉಳಿದವು. ತಲುಪದ ಮೂಲೆ ಮಧ್ಯಾಹ್ನದ ಹೊತ್ತಿಗೆ ಬಿಸಿನೀರು ಎರೆದ ಹಾಗೆ ಜೋತುಬಿದ್ದು, ಮರುದಿನ ಕಪ್ಪಾಯಿತು.

ಆ ನೀರು ಬರುವುದು ಕೆರೆಯಿಂದ. ಒಣಗಾಲದಲ್ಲಿ ದಂಡೆಯ ಮೇಲೆ ಪೆಟ್ರೋಲ್, ಡೀಸೆಲ್ ಪಂಪುಗಳು ಸಾಲಾಗಿ ಕೂಗುತ್ತಿರುತ್ತವೆ. ಒಂದೊಂದು ಪಂಪಿನಿಂದ ಒಂದೊಂದು ಪೈಪು ಹೊರಟು, ರಸ್ತೆಯ ಅಂಚಿನಲ್ಲಿ ಕಟ್ಟುಕಟ್ಟಾಗಿ ಮಲಗಿ, ಗುಡ್ಡ ಹತ್ತಿ, ಯಾರದೋ ಹೊಲ ದಾಟಿ ಇನ್ಯಾರದೋ ಹೊಲ ಸೇರುತ್ತದೆ. ಯಾವ ಪೈಪು ಯಾರದೆಂದು ಅವರಿಗೆ ಹೇಗೆ ತಿಳಿಯುತ್ತದೋ! ಕೆರೆಯ ನೀರು ಇಳಿಯುತ್ತಿರುವುದು ದಂಡೆಯ ಗುರುತಿನಲ್ಲೇ ಕಾಣುತ್ತಿತ್ತು. ನಮ್ಮ ಕಡೆ ಕೊಳವೆಬಾವಿ ಇನ್ನೂ ಆಳಕ್ಕೆ ಕೊರೆಸುವವರ ಮಾತು ಎಂಥದ್ದೋ ಇವರದ್ದೂ ಅಂಥದ್ದೇ: ಪಕ್ಕದವನು ನಿಲ್ಲಿಸಲಿ, ನಾನೂ ನಿಲ್ಲಿಸುತ್ತೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಲಕ್ಕಿಂತ ಅವರ ಮನೆಯ ಅಟ್ಟ. ಅಲ್ಲಿ ಬೆಳೆಯುವ ತಳಿ ಬಹುಪಾಲು ಗ್ರಾನೋಲ, ಜರ್ಮನಿಯಿಂದ ಬಂದದ್ದು. ಮೂರು, ಮೂರೂವರೆ ತಿಂಗಳ ಬೆಳೆ. ಕೀಳುವ ದಿನ ಗಂಡಸರು ಗುದ್ದಲಿಯಿಂದ ಏರಿಯನ್ನು, ಎಂದರೆ ಗಡ್ಡೆ ಕೂತ ಮಣ್ಣಿನ ದಿಂಡನ್ನು, ಬಿಡಿಸುತ್ತಾ ಮುಂದೆ ಹೋಗುತ್ತಾರೆ, ಹೆಂಗಸರು ಹಿಂದೆ ಕೂತು ಆರಿಸುತ್ತಾರೆ. ಆರಿಸುವಾಗಲೇ ವಿಂಗಡಣೆ ಮುಗಿದಿರುತ್ತದೆ: ದಪ್ಪದ್ದು ವ್ಯಾಪಾರಿಗೆ, ಗೋಲಿಯಷ್ಟು ಚಿಕ್ಕದ್ದು ಅಡುಗೆಮನೆಗೆ, ಕೋಳಿಮೊಟ್ಟೆಗಿಂತ ತುಸು ಸಣ್ಣದ್ದು ಬಿತ್ತನೆಗೆ. ಆದರೆ ಎಲ್ಲ ಸಾಲಿನಿಂದಲೂ ಬಿತ್ತನೆ ತೆಗೆಯುವುದಿಲ್ಲ. ಬೆಳೆ ಹಸಿರಾಗಿದ್ದಾಗಲೇ ಮನೆಯೊಡತಿ ಹೊಲದಲ್ಲಿ ನಡೆದು, ಎಲೆ ಮುದುರಿದ, ಕುಳ್ಳಾದ ಗಿಡಗಳನ್ನು ಕಿತ್ತುಹಾಕಿರುತ್ತಾರೆ. ನಂಜು ತಗುಲಿದ ಗಿಡದ ಗಡ್ಡೆ ಬೀಜವಾದರೆ ಮುಂದಿನ ಬೆಳೆಯೂ ಹಾಳು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಟ್ಟದಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು. ಬಿಸಿಲು ನೇರವಾಗಿ ಬೀಳದಂತೆ, ಬೆಳಕು ಮಾತ್ರ ಬರುವಂತೆ ಗೋಡೆಯಲ್ಲಿ ಸಂದು ಬಿಟ್ಟಿರುತ್ತಾರೆ. ಗಡ್ಡೆಗಳನ್ನು ಒಂದೆರಡು ಪದರಕ್ಕಿಂತ ಹೆಚ್ಚು ಪೇರಿಸುವುದಿಲ್ಲ. ಬೆಳಕಿಗೆ ಅವು ಹಸಿರಾಗುತ್ತವೆ, ತಿನ್ನಲು ಬಾರದಂತಾಗುತ್ತವೆ, ಬೀಜಕ್ಕೆ ಅದರಿಂದ ತೊಂದರೆಯಿಲ್ಲ. ಕತ್ತಲಲ್ಲಿ ಚೀಲದೊಳಗೆ ಇಟ್ಟ ಗಡ್ಡೆಯ ಮೊಳಕೆ ಉದ್ದಕ್ಕೆ, ಬೆಳ್ಳಗೆ, ಮುಟ್ಟಿದರೆ ಮುರಿಯುವಂತೆ ಬರುತ್ತದೆ. ನಾವು ಚೀಲ ಸುರಿದಾಗ ಅರ್ಧ ಮೊಳಕೆ ನೆಲದ ಮೇಲೇ ಉದುರಿರುತ್ತದೆ. ಇಲ್ಲಿ ತಟ್ಟೆಯ ಮೇಲಿನ ಮೊಳಕೆ ಗಿಡ್ಡ, ದಪ್ಪ, ಕಡು ಬಣ್ಣ. ಒಂದು ಗಡ್ಡೆಯಲ್ಲಿ ಮೂರು ನಾಲ್ಕು ಕಣ್ಣು ಒಟ್ಟಿಗೆ ಒಡೆದಿರುತ್ತವೆ. ಮಕ್ಕಳು ಬುಟ್ಟಿಯಲ್ಲಿ ತುಂಬಿ ಹೊತ್ತು ತಂದರೂ ಮೊಳಕೆ ಮುರಿಯುವುದಿಲ್ಲ.

ಆಗಸ್ಟ್ ಕೊನೆಗೆ ನೆಟ್ಟೆವು. ಅದಕ್ಕೆ ಮೊದಲು ಕೆಳಗಿನ ಊರುಗಳಿಂದ ಲಾರಿಯಲ್ಲಿ ಬರುವ ಕೋಳಿ ಗೊಬ್ಬರವನ್ನು ಏರಿಯ ನಡುವೆ ಸುರಿಯಬೇಕು. ಆ ದಿನಗಳಲ್ಲಿ ಇಡೀ ಬೆಟ್ಟಕ್ಕೆ ಒಂದೇ ವಾಸನೆ. ಮಣ್ಣು ಕಪ್ಪು, ಹಗುರ, ಗುದ್ದಲಿಗೆ ಎಲ್ಲೂ ತಡೆಯಿಲ್ಲ. ನಮ್ಮ ಕೆಂಪು ಮಣ್ಣಿನಲ್ಲಿ ದಿನವಿಡೀ ಮಾಡುವ ಕೆಲಸ ಅಲ್ಲಿ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಕೆಲವರು ಏರಿಗೆ ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಹೊದಿಸುತ್ತಾರೆ, ನಮ್ಮವರು ಹೊದಿಸಲಿಲ್ಲ. ಇಡೀ ಗಡ್ಡೆಯನ್ನು ಮೊಳಕೆ ಮೇಲಾಗಿ ಕೂರಿಸಿ, ಒಂದು ಗೇಣಿಗಿಂತ ತುಸು ಹೆಚ್ಚು ಅಂತರ ಬಿಟ್ಟು, ಮಣ್ಣು ಎಳೆಯುವುದು, ಅಷ್ಟೇ. ಕತ್ತಿ ಇಲ್ಲ, ಅದ್ದುವ ಔಷಧಿ ಇಲ್ಲ. ನಮ್ಮಲ್ಲಿ ಹೋಳು ಮಾಡಿ ನೆಡುತ್ತೇವೆಂದು ನಾನು ಮೊಬೈಲಿನ ಅನುವಾದದಲ್ಲಿ ಹೇಳಿದಾಗ ಮನೆಯೊಡತಿ, "ಗಾಯದ ಮೇಲೆ ಮಣ್ಣು ಹಾಕುತ್ತೀರಾ, ಪಾಕ್?" ಎಂದು ಕೇಳಿದರು. ಪಾಕ್ ಎಂದರೆ ಅವರಲ್ಲಿ ಗಂಡಸರನ್ನು ಗೌರವದಿಂದ ಕರೆಯುವ ಮಾತು. ಹಣ ಉಳಿಸಲು ಎಂದೆ. ಉಳಿಯಿತೇ ಎಂದರು.

ಆದರೆ ಔಷಧಿ ಹೊಡೆಯುವ ವಿಷಯದಲ್ಲಿ ಅವರಿಂದ ಕಲಿಯುವುದು ಏನೂ ಇಲ್ಲ. ಡ್ರಮ್ಮಿನಲ್ಲಿ ಕಲಸಿ, ಎಂಜಿನ್ ಪಂಪಿಗೆ ಉದ್ದದ ಪೈಪು ಜೋಡಿಸಿ, ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಹೊಡೆಯುತ್ತಾರೆ. ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಲ. ಅಂಗಮಾರಿ ಅಲ್ಲಿಯೂ ಇದೆ, ಅವರಿಗೂ ಅದರ ಭಯವಿದೆ.

ಇನ್ನೊಂದು ಜಗಳ ಏರಿಯ ದಿಕ್ಕಿನದು. ದಿಯೆಂಗ್‌ನಲ್ಲಿ ಬಹುತೇಕ ಹೊಲಗಳ ಏರಿ, ಸಾಲು ಇಳಿಜಾರಿಗೆ ಅಡ್ಡಲಾಗಿಲ್ಲ. ಬೆಟ್ಟದ ತಲೆಯಿಂದ ಬುಡಕ್ಕೆ ನೇರವಾಗಿ ಇಳಿಯುತ್ತವೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕಬೇಕೆಂಬುದನ್ನು ನಮ್ಮಲ್ಲಿ ಚಿಕ್ಕಂದಿನಿಂದ ಕೇಳುತ್ತಾ ಬೆಳೆದಿದ್ದೇವೆ. ನಾನು ಕೆದಕಿದೆ. ಅಡ್ಡ ಸಾಲಿನಲ್ಲಿ ನೀರು ನಿಲ್ಲುತ್ತದೆ, ಗಡ್ಡೆ ಕೊಳೆಯುತ್ತದೆ, ಮಣ್ಣು ನೀರು ಕುಡಿದು ಭಾರವಾದರೆ ಹೊಲವೇ ಜಾರುತ್ತದೆ ಎಂದರು ಯಜಮಾನರು. ಮಾತಿನಲ್ಲಿ ಹುರುಳಿದೆ. ಆದರೆ ಅವರ ಹೊಲದ ಬುಡದಲ್ಲಿ ಕಳೆದ ಮಳೆಗಾಲ ಕೊರೆದ ಕಣಿವೆಯಲ್ಲಿ ನಾನು ಸೊಂಟದವರೆಗೆ ಇಳಿದು ನಿಂತಿದ್ದೇನೆ. ಆ ಮಣ್ಣೆಲ್ಲ ಹೋಗುವುದು ಸೆರಾಯು ನದಿಗೆ. ಅದರ ಮೂಲ ಇದೇ ಪ್ರಸ್ಥಭೂಮಿಯಲ್ಲಿದೆ. ಕೆಳಗೆ ಬಂಜಾರ್‌ನೆಗಾರದಲ್ಲಿ 1980ರ ದಶಕದ ಕೊನೆಗೆ ವಿದ್ಯುತ್ತಿಗಾಗಿ ಕಟ್ಟಿದ ಮ್ರಿಚಾ ಜಲಾಶಯದಲ್ಲಿ ಹೂಳು ತುಂಬುತ್ತಿರುವುದು ಆ ನಾಡಿನ ಪತ್ರಿಕೆಗಳಿಗೆ ಹಳೆಯ ಸುದ್ದಿ. ಆಲೂಗಡ್ಡೆಯ ದುಡ್ಡು ಈ ಬೆಟ್ಟಕ್ಕೆ ಬಂದದ್ದೂ ಅದೇ ದಶಕದಲ್ಲಿ. ಬೆಟ್ಟದ ಮರ ಹೋದದ್ದು, ಊರಿನಲ್ಲಿ ಹೆಂಚಿನ ನೆಲ, ಪಿಕಪ್ ವ್ಯಾನು, ಹಜ್ ಯಾತ್ರೆ ಬಂದದ್ದು ಎಲ್ಲವೂ ಒಂದೇ ಕಥೆಯ ಭಾಗ. ನನಗೆ ಒಪ್ಪಿಗೆಯಾದ ಒಂದು ಬದಲಾವಣೆಯೆಂದರೆ ಹೊಲದ ಅಂಚಿಗೆ ನೆಡುವ ಕಾರಿಕ, ಬೆಟ್ಟದ ಪರಂಗಿ. ಚಳಿ ಇದ್ದಲ್ಲೇ ಬೆಳೆಯುತ್ತದೆ, ಹಣ್ಣು ಅಂಗೈಯಗಲ, ಸಕ್ಕರೆ ಪಾಕದಲ್ಲಿ ಹಾಕಿ ವೊನೊಸೊಬೊದ ಅಂಗಡಿಗಳಲ್ಲೆಲ್ಲ ಮಾರುತ್ತಾರೆ. ಮಣ್ಣು ಹಿಡಿಯಲು ಅದೊಂದೇ ಸಾಲದು, ಇಲ್ಲದಿರುವುದಕ್ಕಿಂತ ಮೇಲು.

ಕೆಲಸವಿಲ್ಲದ ದಿನ ಸುತ್ತಾಡಿದೆ. ದಿಯೆಂಗ್‌ನ ಬಯಲಿನಲ್ಲಿ ಅರ್ಜುನ, ಶಿಖಂಡಿ, ಸುಭದ್ರೆ, ಭೀಮ, ಘಟೋತ್ಕಚರ ಹೆಸರಿನ ಪುಟ್ಟ ಕಲ್ಲಿನ ಗುಡಿಗಳಿವೆ. ಶಿವನಿಗಾಗಿ ಕಟ್ಟಿದವು, ಏಳು ಎಂಟನೆಯ ಶತಮಾನದವು, ಜಾವಾದಲ್ಲಿ ಉಳಿದಿರುವ ಅತಿ ಹಳೆಯ ಗುಡಿಗಳ ಸಾಲಿಗೆ ಸೇರಿದವು. ಮಹಾಭಾರತದ ಹೆಸರುಗಳು ನಂತರದ ಜನ ಇಟ್ಟದ್ದು. ಐಹೊಳೆ, ಪಟ್ಟದಕಲ್ಲು ನೋಡಿದ ಕಣ್ಣಿಗೆ ತೀರಾ ಚಿಕ್ಕವು, ಆದರೆ ಗುಡಿಯ ಹಿಂದೆಯೇ ಹೂಕೋಸು, ಈರುಳ್ಳಿ ಸೊಪ್ಪಿನ ಮಡಿ ಇರುವುದು ಹಿತವೆನಿಸಿತು. ಭೂಮಿಯ ಬಿಸಿಯಿಂದ ವಿದ್ಯುತ್ ತೆಗೆಯುವ ಸ್ಥಾವರದ ದಪ್ಪ ಕೊಳವೆಗಳು ಆಲೂಗಡ್ಡೆ ಹೊಲಗಳ ನಡುವೆಯೇ ಹಾದುಹೋಗುತ್ತವೆ. ಸಿಕಿದಂಗ್ ಕುಳಿಯಲ್ಲಿ ಬೂದು ನೀರು ಕುದಿಯುತ್ತದೆ. ಇದೆಲ್ಲ ಪ್ರವಾಸಿಗರಿಗೆ ಚೆಂದ. ಸ್ಥಳೀಯ ಹಿರಿಯರು 1979ರ ಫೆಬ್ರವರಿಯನ್ನು ಮರೆತಿಲ್ಲ: ಸಿನಿಲ ಕುಳಿ ಸಿಡಿದಾಗ ಗಾಬರಿಯಿಂದ ಓಡಿದವರು ದಾರಿಯಲ್ಲೇ ನೆಲದಿಂದ ಹೊರಟ ವಿಷಾನಿಲಕ್ಕೆ ಸಿಕ್ಕಿ ಸುಮಾರು 150 ಜನ ಸತ್ತರು. ಈಗಲೂ ಕೆಲವು ತಗ್ಗುಗಳಿಗೆ ಮುಂಜಾನೆ ಗುದ್ದಲಿ ಹಿಡಿದು ಇಳಿಯುವುದಿಲ್ಲ.

ಬರುವಾಗ ಬಿತ್ತನೆ ಗಡ್ಡೆ ಕೊಡುತ್ತೇನೆಂದು ಮನೆಯವರು ಒತ್ತಾಯ ಮಾಡಿದರು. ತರಲಿಲ್ಲ, ನೀವೂ ತರಬೇಡಿ. ಆಲೂಗಡ್ಡೆಯ ಬೇರಿಗೆ ಕಟ್ಟುವ ಒಂದು ಜಂತುಹುಳು ಇದೆ, ಅದರ ಚೀಲಗಳು ಸಾಸಿವೆಗಿಂತ ಸಣ್ಣ ಹೊಂಬಣ್ಣದ ಮಣಿಗಳಾಗಿ ಕಾಣುತ್ತವೆ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಇಂಡೋನೇಷ್ಯಾದಲ್ಲಿ ಅದು 2003ರಲ್ಲಿ ಪೂರ್ವ ಜಾವಾದ ಬಾತು ಎಂಬ ಊರಿನಲ್ಲಿ ಪತ್ತೆಯಾಯಿತು, ಆಮೇಲೆ ದಿಯೆಂಗ್‌ನಲ್ಲೂ ಕಂಡಿತು. ನಮ್ಮ ದೇಶದಲ್ಲಿ 1961ರಲ್ಲೇ ನೀಲಗಿರಿಗೆ ಹೊಕ್ಕಿತ್ತು. ಹೊಲದಲ್ಲಿ ಹಾಕಿದ್ದ ಬೂಟನ್ನೂ ಅಲ್ಲೇ ಬಿಟ್ಟು ಬಂದೆ.

ಅಲ್ಲಿಯ ಬೀಜ ಉಳಿಸುವ ಪದ್ಧತಿ ಹಾಸನದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಕಿತ್ತ ಗಡ್ಡೆ ಮೇ ತನಕ, ಅದೂ ಏಪ್ರಿಲ್ ಬಿಸಿಲನ್ನು ದಾಟಿ, ಅಟ್ಟದಲ್ಲಿ ಉಳಿಯಲಾರದು. ನಂಜು ಹರಡುವ ಗಿಡದ ಹೇನೂ ನಮ್ಮ ಬಯಲಿನಲ್ಲಿ ಹೆಚ್ಚು. ಪಂಜಾಬಿನ ಬೀಜ ಬಿಟ್ಟರೆ ಗತಿಯಿಲ್ಲ. ಮರುವರ್ಷ ನಾನು ಮಾಡಿದ್ದು ಇಷ್ಟು: ಶೈತ್ಯಾಗಾರದಿಂದ ಬಂದ ಚೀಲಗಳನ್ನು ಬೇಗ ತಂದು, ಕೊಟ್ಟಿಗೆಯ ಒಂದು ಬದಿಯಲ್ಲಿ ಅಡಿಕೆ ದಬ್ಬೆಯ ಅಟ್ಟಣೆ ಕಟ್ಟಿ, ನೆರಳು ಬೆಳಕಿನಲ್ಲಿ ಹರಡಿದೆ. ಮೊಳಕೆ ದಪ್ಪವಾಗುವ ತನಕ ಕಾದೆ, ಮೆತ್ತಗಾದದ್ದನ್ನು ದಿನವೂ ಆರಿಸಿ ಎಸೆದೆ. ಸಣ್ಣದ್ದನ್ನು ಇಡಿಯಾಗಿ ನೆಟ್ಟೆ. ದಪ್ಪದ್ದನ್ನು ಮಾತ್ರ ಹೋಳು ಮಾಡಿ, ಗಾಯ ಒಣಗುವ ತನಕ ನೆರಳಲ್ಲಿ ಬಿಟ್ಟು, ಬೇರೆ ಸಾಲಿನಲ್ಲಿ ಹಾಕಿದೆ. ಇಡೀ ಗಡ್ಡೆಯ ಸಾಲು ಒಂದೇ ಸಮ ಎದ್ದಿತು, ನಡುವೆ ಖಾಲಿ ಬಿಟ್ಟದ್ದು ಕಡಿಮೆ. ಹೋಳಿನ ಸಾಲಿನಲ್ಲಿ ಎಂದಿನಂತೆ ಕೊಳೆತ ಜಾಗಗಳಿದ್ದವು. ಅಂಗಮಾರಿಗೆ ಇಡಿ, ಹೋಳು ಎಂಬ ಭೇದವಿಲ್ಲ. ಅದು ಎರಡಕ್ಕೂ ಬಂತು, ಔಷಧಿ ಹೊಡೆದೆ.

ಸಣ್ಣ ಗಡ್ಡೆ ಸಿಗುವುದೇ ಕಷ್ಟವೆಂದುಕೊಂಡಿದ್ದೆ. ಹಾಗಾಗಲಿಲ್ಲ. ಎಲ್ಲರೂ ಹೆಚ್ಚು ಹೋಳು ಬರಲೆಂದು ದಪ್ಪ ಗಡ್ಡೆಯ ಚೀಲವನ್ನೇ ಕೇಳುತ್ತಿದ್ದುದರಿಂದ, ಮಾರುಕಟ್ಟೆಯ ನನ್ನ ವ್ಯಾಪಾರಿ ಮೊದಲ ವರ್ಷ ಸಣ್ಣದ್ದನ್ನು ನಗುತ್ತಾ ತೂಗಿಕೊಟ್ಟ. ಎರಡನೆಯ ವರ್ಷ ನನ್ನ ಜೊತೆ ಪಕ್ಕದ ಹೊಲದವರೂ ಹೋಗಿ ಅದನ್ನೇ ಕೇಳಿದರು. ಈಗ ಅವನು ಸಣ್ಣ ಗಡ್ಡೆಗೆ ಬೇರೆ ದರ ಹೇಳುತ್ತಾನೆ.