ಹಳೆಯ ಎಣ್ಣೆ ಬ್ರೇಕರುಗಳನ್ನು ಬದಲಾಯಿಸಿದ ಬಗೆ

ಕಾಸರಗೋಡು ಜಿಲ್ಲೆಯ 110 ಕಿಲೋವೋಲ್ಟ್ ಸಬ್‌ಸ್ಟೇಷನ್ನೊಂದರ ನಿರ್ವಹಣೆ ನನ್ನ ಪಾಲಿಗಿದ್ದಾಗ, ಅಲ್ಲಿನ ಹಳೆಯ ಎಣ್ಣೆ ಬ್ರೇಕರುಗಳನ್ನು (ಲೈನಿನಲ್ಲಿ ದೋಷ, ಅಂದರೆ ಫಾಲ್ಟ್, ಬಂದಾಗ ವಿದ್ಯುತ್ತನ್ನು ಕಡಿದು, ಆಗ ಏಳುವ ಕಿಡಿಯನ್ನು ಎಣ್ಣೆಯಲ್ಲಿ ಆರಿಸುವ ಸ್ವಿಚ್ಚುಗಳನ್ನು) ಇಳಿಸಿ, ಅದೇ ಕೆಲಸವನ್ನು ಅನಿಲದಲ್ಲಿ ಮಾಡುವ ಎಸ್‌ಎಫ್‌-6 ಅನಿಲದ ಬ್ರೇಕರುಗಳನ್ನು ಕೂರಿಸುವ ಕೆಲಸವನ್ನು ಮುಂದೆ ನಿಂತು ಮಾಡಿಸಿದ್ದೇನೆ. ನಮ್ಮಲ್ಲಿ ಶಟ್‌ಡೌನ್ (ವಿದ್ಯುತ್ ನಿಲ್ಲಿಸಿ ಕೆಲಸ ಮಾಡುವ ಅವಕಾಶ) ದೊರಕಿಸಿಕೊಳ್ಳುವುದೇ ಅರ್ಧ ಕೆಲಸ. ಜೂನ್ ತಿಂಗಳಿನಿಂದ ಮುಂಗಾರು, ಅದು ಮುಗಿಯಿತೆನ್ನುವಾಗ ತುಲಾ ಮಳೆಯ (ಹಿಂಗಾರಿನ) ಸಿಡಿಲು, ಆಮೇಲೆ ಬದಿಯಡ್ಕ, ಪೆರ್ಲದ ಕಡೆಯ ಅಡಿಕೆ ತೋಟಗಳಲ್ಲಿ ಪಂಪುಗಳು ಓಡತೊಡಗಿ ಲೋಡು ಏರುತ್ತದೆ. ಆದುದರಿಂದ ಮಳೆಗೂ ಪಂಪುಗಳಿಗೂ ನಡುವಿನ ಡಿಸೆಂಬರಿನ ಆಸುಪಾಸನ್ನೇ ಆರಿಸಿಕೊಂಡೆವು.

ಯಾವುದನ್ನು ಮೊದಲು ಬದಲಾಯಿಸಬೇಕೆಂಬುದನ್ನು ಫಲಕದ ಮೇಲಿನ ತಯಾರಿಕೆಯ ವರ್ಷ ನೋಡಿ ನಿರ್ಧರಿಸಲಿಲ್ಲ. 100 ಆಂಪಿಯರ್ ನೇರ ವಿದ್ಯುತ್ ಹರಿಸಿ, ಮುಚ್ಚಿದ ಕಾಂಟ್ಯಾಕ್ಟುಗಳ (ಒಂದಕ್ಕೊಂದು ತಾಗಿ ವಿದ್ಯುತ್ ಹಾಯಿಸುವ ಲೋಹದ ಭಾಗಗಳ) ರೋಧವನ್ನು ಮೈಕ್ರೋ ಓಮ್‌ನಲ್ಲಿ ಅಳೆದು, ಮೂರು ಫೇಸುಗಳನ್ನು ಪರಸ್ಪರ ಹೋಲಿಸಿ, ಹಿಂದಿನ ವರ್ಷಗಳ ದಾಖಲೆಯ ಪಕ್ಕದಲ್ಲಿಟ್ಟು ನೋಡಿದೆವು. ಒಂದು ಫೇಸಿನ ರೋಧ ಮಾತ್ರ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಅಂದರೆ ಅದರ ಕಾಂಟ್ಯಾಕ್ಟು ಕೆಡುತ್ತಿದ್ದರೆ, ಉಳಿದವಕ್ಕಿಂತ ಕಿರಿಯ ಬ್ರೇಕರಾದರೂ ಅದೇ ಮೊದಲ ಸರದಿಗೆ ಬರುತ್ತದೆ. ಎಣ್ಣೆ ಕಪ್ಪಾಗಿದೆ ಎಂಬುದೊಂದೇ ಕಾರಣ ಸಾಲದು. ಫಾಲ್ಟ್ ಕಡಿದಾಗಲೆಲ್ಲ ಇಂಗಾಲದ ಮಸಿ ಸೇರುವುದು ಸಹಜ, ಎಣ್ಣೆ ಬದಲಾಯಿಸಿದರೆ ಅದು ಸರಿಹೋಗುತ್ತದೆ.

ಲೈನ್ ಕಡಿದು, ಎರಡೂ ಬದಿಯ ಐಸೊಲೇಟರುಗಳನ್ನು (ಬ್ರೇಕರನ್ನು ಲೈನಿನಿಂದ ಬೇರ್ಪಡಿಸುವ ಸ್ವಿಚ್ಚುಗಳನ್ನು) ತೆರೆದು, ಅರ್ಥಿಂಗ್ ಮಾಡಿ (ಭೂಮಿಗೆ ಜೋಡಿಸಿ), ಕೆಲಸದ ಪರ್ಮಿಟ್ ಕೈಗೆ ಬಂದ ಮೇಲೆ ಹಳೆಯದನ್ನು ಇಳಿಸುವುದು ಕ್ರೇನಿನ ಕೆಲಸ. ಅದರಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಹೊಸದರ ಬೋಲ್ಟಿನ ಅಂತರ ಹಳೆಯ ಅಡಿಪಾಯಕ್ಕೆ ಹೊಂದದ ಕಾರಣ ನಡುವೆ ಉಕ್ಕಿನ ಚೌಕಟ್ಟೊಂದನ್ನು ಮೊದಲೇ ಮಾಡಿಸಿಟ್ಟಿದ್ದೆವು. ನಿಜವಾಗಿ ಹೊತ್ತು ತಿಂದದ್ದು ಬ್ರೇಕರಿಗೆ ಆಜ್ಞೆ ಒಯ್ಯುವ ಕಂಟ್ರೋಲ್ ಕೇಬಲುಗಳು. ದಶಕಗಳ ದುರಸ್ತಿಯಲ್ಲಿ ಯಾರೋ ಸೇರಿಸಿದ, ಇನ್ನಾರೋ ಬಿಡಿಸಿದ ತಂತಿಗಳು ನಕ್ಷೆಯಲ್ಲಿರಲಿಲ್ಲ; ಹಾಗಾಗಿ ನಕ್ಷೆಯನ್ನು ಬದಿಗಿಟ್ಟು, ಒಂದೊಂದು ಎಳೆಯನ್ನೂ ಎರಡೂ ತುದಿಗಳಲ್ಲಿ ಪರೀಕ್ಷಿಸಿ, ಹೊಸ ಅಂಕಿಪಟ್ಟಿ ತೊಡಿಸಿ, ನಕ್ಷೆಯನ್ನೇ ಹೊಸದಾಗಿ ಬರೆಸಿದೆ. ಶಟ್‌ಡೌನಿಗೆ ಮುಂಚೆಯೇ ಆಗಬಹುದಾದ ಕೆಲಸವಿದು, ಆದರೆ ಬಹುತೇಕ ಕಡೆ ಕೊನೆಗೇ ಉಳಿಯುತ್ತದೆ.

ಬ್ರೇಕರ್ ಎಷ್ಟೇ ಹೊಸದಾಗಿರಲಿ, ಅದನ್ನು ಟ್ರಿಪ್ ಮಾಡಿಸುವುದು, ಅಂದರೆ ತೆರೆಯಿಸುವುದು, ಬ್ಯಾಟರಿ ಕೋಣೆಯಲ್ಲಿರುವ 110 ವೋಲ್ಟಿನ ಡಿಸಿ (ನೇರ ವಿದ್ಯುತ್). ಎರಡು ವೋಲ್ಟಿನ 55 ಸೆಲ್‌ಗಳಲ್ಲಿ ಕೆಲವು ಬಳಲಿದ್ದರೂ ಚಾರ್ಜರ್ ಜೊತೆಗಿರುವವರೆಗೆ ಒಟ್ಟು ವೋಲ್ಟೇಜು ಸರಿಯಾಗಿಯೇ ತೋರುತ್ತದೆ. ಆದ್ದರಿಂದ ಚಾರ್ಜರನ್ನು ಬೇರ್ಪಡಿಸಿ, ಲೋಡು ಕೊಟ್ಟು, ಒಂದೊಂದೇ ಸೆಲ್ಲನ್ನು ಅಳೆದು ದುರ್ಬಲವಾದವನ್ನು ತೆಗೆಸಿದೆ. ಬಳಿಕ ನಿಯಮದಂತೆ 70 ಶೇಕಡ, ಅಂದರೆ 77 ವೋಲ್ಟಿನಲ್ಲೂ ಹೊಸ ಬ್ರೇಕರ್ ಟ್ರಿಪ್ ಆಗುತ್ತದೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಫೀಡರಿಗೆ (ಆ ಬ್ರೇಕರಿನ ಲೈನಿಗೆ) ವಿದ್ಯುತ್ ಹರಿಸಿದೆವು.

ಇಳಿಸಿದ ಬ್ರೇಕರುಗಳನ್ನು ಕೂಡಲೇ ಗುಜರಿಗೆ ಹಾಕಲು ನಾನು ಒಪ್ಪಲಿಲ್ಲ. ಅವುಗಳ ಬಿಡಿಭಾಗಗಳು ಮಾರುಕಟ್ಟೆಯಲ್ಲಿ ಸಿಗುತ್ತಿರಲಿಲ್ಲ. ಸರದಿ ಕಾಯುತ್ತಿದ್ದ ಉಳಿದ ಎಣ್ಣೆ ಬ್ರೇಕರುಗಳು ಅವುಗಳಿಂದ ಕಳಚಿದ ಕಾಂಟ್ಯಾಕ್ಟು, ಸ್ಪ್ರಿಂಗುಗಳಿಂದಲೇ ಮುಂದಿನ ಮಳೆಗಾಲವನ್ನು ದಾಟಿದವು.